ಹಂಚಿಕೆಯ ಗ್ರಾಫಿಕ್ಸ್

ಮಾರ್ಚ್ ೪, ಸೋಮವಾರ

ಕೊಡುತ್ತೇವೆ ಎಂದದ್ದು: ಬಂದರಿನಲ್ಲಿ ಗಾಯಗೊಂಡ ಹನ್ನೊಂದು ಜನಕ್ಕೂ ಬದುಕಿರುವವರೆಗೆ ಸಂಬಳ. ನಡೆಯಲಾರದವರಿಗೆ ಹೊಸ ಗಾಲಿಕುರ್ಚಿ. ಅವರ ಮನೆಯ ಮೆಟ್ಟಿಲಿಗೆ ಇಳಿಜಾರು. ಮನೆಯಲ್ಲೇ ಕೂತು ಬೇರೆ ಕೆಲಸ ಕಲಿಯಲು ತಲೆಗೊಂದು ಲ್ಯಾಪ್‌ಟಾಪ್.

ಕೊಟ್ಟದ್ದು: ಗಾಲಿಕುರ್ಚಿ. ಹೊಸದಲ್ಲ.

ಇಲ್ಲ ಎಂದದ್ದು: ಸಂಬಳ. ಇಳಿಜಾರು. ತಪ್ಪಾಯಿತು ಎಂಬ ಒಂದು ಮಾತು.

ಉಳಿದದ್ದು ಲ್ಯಾಪ್‌ಟಾಪ್. ಅದಕ್ಕಾಗಿ ಇವತ್ತು ಮ್ಯಾನೇಜರ್ ಹೆಸ್ಲಪ್‌ನ ಕೋಣೆಯಲ್ಲಿ ಕೂತೆ. ಕಾರ್ಮಿಕ ಸಂಘದ ಕಾರ್ಯದರ್ಶಿಯಾಗಿ ಹೋದವಳು ನಾನು. ಅವನು ಮೊದಲು ಕೇಳಿದ್ದು, ನಾನು ಅಡುಗೆ ಮಾಡುವ ಬಂದರಿನ ಕ್ಯಾಂಟೀನಿನಲ್ಲಿ ಇವತ್ತು ಏನು ಊಟ ಎಂದು.

ನಮ್ಮ ಬೇಡಿಕೆ ಓದಿದೆ. ಪತ್ರ ಬರೆಯಬೇಕು, ಪಾಠ ಕೇಳಬೇಕು, ದೂರದೇಶದಲ್ಲಿ ದುಡಿಯುವ ನೆಂಟರ ಮುಖ ನೋಡಬೇಕು, ಒಂದಿಷ್ಟು ಆಟವಾಡಬೇಕು. ಇಷ್ಟನ್ನೂ ತಡೆದುಕೊಳ್ಳುವ ಯಂತ್ರ ಬೇಕು.

"ಆಟಾನಾ?" ಎಂದು ನಕ್ಕ. "ಕಂಪನಿ ಆಟದ ಸಾಮಾನು ಹಂಚಲ್ಲ, ಮೇಡಂ."

"ನಿಮ್ಮ ಕ್ರೇನಿನ ಹಗ್ಗ ಹರಿದು ಪೆಟ್ಟಿಗೆ ಬಿದ್ದ ದಿನದವರೆಗೂ ನನ್ನ ತಮ್ಮ ಪ್ರತಿ ಶನಿವಾರ ರಗ್ಬಿ ಆಡ್ತಿದ್ದ. ನೀವು ಕಿತ್ಕೊಂಡಿದ್ದು ಬರೀ ಕೆಲಸ ಅಂದ್ಕೊಂಡ್ರಾ?"

ಕ್ರೇನಿನವರೆಲ್ಲ ಕೈಕಟ್ಟಿ ಕೂರುತ್ತಾರೆ ಎಂದೂ ಹೇಳಿದೆ. ನಗು ಹೋಯಿತು. ಒಂದು ಹಾಳೆ ಮುಂದೆ ತಳ್ಳಿದ. ಎರಡು ಯಂತ್ರ; ಯಾವುದಾದರೂ ಒಂದು, ಎಲ್ಲರಿಗೂ ಒಂದೇ. ಎರಡರಲ್ಲೂ ಎಂಟು ಜಿಬಿ ಮೆಮೊರಿ, ನಾಲ್ಕು ಜಿಬಿ ಗ್ರಾಫಿಕ್ಸ್. ಗ್ರಾಫಿಕ್ಸ್ ಎಂದರೆ ಪರದೆಯ ಮೇಲೆ ಚಿತ್ರ ಓಡಿಸುವ ಭಾಗವಂತೆ. ಒಂದರಲ್ಲಿ ಅದು 'ಸ್ವಂತದ್ದು', ಇನ್ನೊಂದರಲ್ಲಿ 'ಹಂಚಿಕೆಯದು'. ಗುರುವಾರ ತಾನೇ ನಮ್ಮ ಸಭೆಗೆ ಬರುತ್ತಾನಂತೆ, ಅಲ್ಲೇ ಹೇಳಬೇಕು, ಆಮೇಲೆ ಬದಲಾಯಿಸುವಂತಿಲ್ಲ.

ಇದು ನನ್ನ ಪುಸ್ತಕ, ಇಲ್ಲಿ ನಿಜ ಬರೆಯಬಹುದು. ನನ್ನ ತಮ್ಮ, ಮೂವತ್ತೆಂಟು ವರ್ಷದ ಗಂಡಸು, ಪರದೆಯ ಆಟದ ದೋಣಿಗೆ ಹುಟ್ಟು ಹಾಕುವುದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಹೋರಾಡಬೇಕಾದವನು ಮೀನು ಹಿಡಿಯುತ್ತಿದ್ದ, ಅದೂ ಇಲ್ಲದ ಮೀನು. ಆದರೆ ಬೇಡಿಕೆ ಬೇಡಿಕೆಯೇ.

ಮಾರ್ಚ್ ೭, ಗುರುವಾರ

ಗೆದ್ದೆವು!

ಚರ್ಚಿನ ಹಿಂದಿನ ಹಾಲಿನಲ್ಲಿ ಚಾಪೆ ಹಾಸಿ ಹನ್ನೊಂದು ಜನರನ್ನೂ ಸೇರಿಸಿದೆ. ಯಂಗೋನಾ ಬೇರಿನ ಪುಡಿಯನ್ನು ನೀರಿಗೆ ಕಲಸಿದ ಬಟ್ಟಲು ನಡುವೆ. ಹೆಸ್ಲಪ್ ಒಂದು ತೆಂಗಿನ ಚಿಪ್ಪು ಕುಡಿದು ಮುಖ ಹಿಂಡಿಕೊಂಡ. ನಾನು ಎದ್ದು ನಿಂತು ಹೇಳಿದೆ:

"ಎರಡು ಪದ ನಮ್ಮ ಮುಂದಿವೆ. ಒಂದು ಸ್ವಂತದ್ದು, ಒಂದು ಹಂಚಿಕೆಯದು. ನನ್ನದು ನನಗೇ ಅನ್ನೋದು ಕಂಪನಿಯ ಪಾಠ. ನಮ್ಮ ಮನೆಗೆ ನೆಂಟ ಬಂದು 'ಕೆರೆಕೆರೆ, ಕೊಡಿ' ಅಂತ ಕೇಳಿದ್ರೆ, ಮೈಮೇಲಿನ ಅಂಗೀನೂ ಬಿಚ್ಚಿಕೊಡ್ತೀವಿ, ಇಲ್ಲ ಅನ್ನಲ್ಲ. ಒಟ್ಟಿಗೆ ಗಾಯವಾದವರು ನಾವು. ಗ್ರಾಫಿಕ್ಸ್ ಕೂಡ ಒಟ್ಟಿಗೇ ಇರಲಿ!"

ಚಪ್ಪಾಳೆ. ಬೆನ್ನು ಮುರಿದ ಸಕಿಯೂಸಾ ಮಾವ ಮಲಗಿದಲ್ಲಿಂದಲೇ ಕೂಗಿದ. "ಹಂಗಾದ್ರೆ ನನ್ನ ಮೆಷಿನ್ ಸೋತು ಹೋದ್ರೆ ಪಕ್ಕದವನ ಮೆಷಿನ್ನಿಂದ ಬರುತ್ತೆ ಅನ್ನು!"

"ಬರುತ್ತೆ ಮಾವ. ಹಂಚಿಕೆ ಅಂದ್ರೆ ಅದೇ ತಾನೆ?"

"ಸರಿ ಬಿಡು, ನಾನು ಯಾವತ್ತೂ ಚಾರ್ಜ್ ಮಾಡಲ್ಲ."

ಎಲ್ಲರೂ ಕೈ ಎತ್ತಿದರು. ನನ್ನ ತಮ್ಮ ಅಪಿಸಾಯಿ ಕೊನೆಗೆ ಎತ್ತಿದ, ನಿಧಾನವಾಗಿ. ಏನೋ ಹೇಳುವವನಂತೆ ಬಾಯಿ ತೆರೆದಿದ್ದ. ನಾನು ಕೇಳಲಿಲ್ಲ. ಅಕ್ಕತಮ್ಮ ಮುಖಕ್ಕೆ ಮುಖ ಕೊಟ್ಟು ಕೆದಕುವ ರೂಢಿ ನಮ್ಮಲ್ಲಿಲ್ಲ. ಕೇಳುವುದು, ಗೇಲಿ ಮಾಡುವುದು ಎಲ್ಲ ಅವನ ಭಾವನ, ಎಂದರೆ ನಮ್ಮ ಸೋದರತ್ತೆಯ ಮಗನ, ಕೆಲಸ. ಆ ಭಾವ ಇಲೈತಿಯಾ ಈಗ ದೂರದೇಶದ ಬಂಡಬರ್ಗ್‌ನಲ್ಲಿ ಯಾರದೋ ತೋಟದ ಹಣ್ಣು ಕೀಳುತ್ತಿದ್ದಾನೆ.

ಹೆಸ್ಲಪ್ "ಬಹಳ ಒಳ್ಳೆ ಆಯ್ಕೆ" ಎಂದು ಅಲ್ಲೇ ಮೊಣಕಾಲ ಮೇಲಿಟ್ಟು ಸಹಿ ಹಾಕಿದ. ಅಷ್ಟು ಬೇಗ ಬಾಗಿದ್ದನ್ನು ನಾನು ನೋಡೇ ಇರಲಿಲ್ಲ.

ಮಾರ್ಚ್ ೧೬, ಶನಿವಾರ

ಬಂದವು. ತೆಳ್ಳಗೆ, ಹಗುರ. ಹಾಡು ಹೇಳಿ ಹಂಚಿದೆವು. ಇಲೈತಿಯಾ ಬಿಟ್ಟುಹೋಗಿದ್ದ ಹಳೆಯ ಯಂತ್ರ ಜನವರಿಯ ಮಳೆನೀರಿಗೆ ಸಿಕ್ಕಿ ಸತ್ತ ಮೇಲೆ ಅಪಿಸಾಯಿ ಗೋಡೆ ನೋಡಿಕೊಂಡೇ ಇದ್ದ. ಇವತ್ತು ಗಾಲಿಕುರ್ಚಿಯಲ್ಲಿ ಹೊಸದನ್ನು ಮಡಿಲಲ್ಲಿಟ್ಟುಕೊಂಡು ಅದರ ಅಡಿಗೆ ಕೈಯಿಟ್ಟು ನೋಡಿದ, ಮತ್ತೆ ಮತ್ತೆ ನೋಡಿದ. ಮಗುವಿಗೆ ಜ್ವರ ಇದೆಯೋ ಎಂದು ನೋಡುವ ಹಾಗೆ.

ಮಾರ್ಚ್ ೧೭, ಭಾನುವಾರ

ಚರ್ಚು ಮುಗಿಸಿ ಬಂದು ಕೆಸುವಿನ ಗೆಡ್ಡೆ ಬೇಯಲಿಟ್ಟಿದ್ದೆ. ನಡುಮನೆಯಿಂದ ಇಲೈತಿಯಾನ ಗಂಟಲು. ಆಟದಲ್ಲಿ ನಾಲ್ಕು ಜನಕ್ಕೆ ಒಂದು ದೋಣಿ. ಮೂವರು ಬಂಡಬರ್ಗ್‌ನಿಂದ, ಇವನು ಇಲ್ಲಿ, ನಮ್ಮೂರು ಸುವಾದಿಂದ. ನಾಲ್ಕೂ ಹುಟ್ಟು ಒಟ್ಟಿಗೆ ಬಿದ್ದರೆ ಮಾತ್ರ ದೋಣಿ ನೇರ ಹೋಗುತ್ತದಂತೆ.

ಹೋಗಲಿಲ್ಲ. ಪರದೆಯಲ್ಲಿ ಅಲೆ ಎದ್ದು ಎದ್ದಲ್ಲೇ ನಿಲ್ಲುತ್ತಿತ್ತು. ಇವನ ಹುಟ್ಟು ಗಾಳಿಯಲ್ಲಿ ಕಲ್ಲಾಗಿ ನಿಂತು, ಆಮೇಲೆ ಮೂರು ಸಲ ದಡಬಡ ಬೀಳುತ್ತಿತ್ತು. ದೋಣಿ ಸುತ್ತಿ ಸುತ್ತಿ ಬಂಡೆಗೆ ಬಡಿಯಿತು.

"ಏನ್ ಭಾವ, ಉಪದೇಶ ಕೇಳಿ ನಿದ್ದೆ ಬಂತಾ?" ಇಲೈತಿಯಾ.

"ಮೆಷಿನ್ ಹೊಸದು. ಅಭ್ಯಾಸ ಆಗ್ಬೇಕು."

"ನಮ್ಮಜ್ಜಿ ಸತ್ತು ಒಂಬತ್ತು ವರ್ಷ ಆಯ್ತು, ಅವಳು ನಿನಗಿಂತ ಚೆನ್ನಾಗಿ ಹುಟ್ಟು ಹಾಕ್ತಾಳೆ ಕಣೋ!"

ಅಪಿಸಾಯಿ ನಕ್ಕ. ಅಡುಗೆಮನೆಯಿಂದಲೇ ಗೊತ್ತಾಯಿತು, ಅದು ಬೇರೆಯವರಿಗಾಗಿ ನಕ್ಕ ನಗು.

ಮಾರ್ಚ್ ೨೪, ಭಾನುವಾರ

ಇವತ್ತು ಇಲೈತಿಯಾ ಗೇಲಿ ಮಾಡಲಿಲ್ಲ. ಮೆತ್ತಗೆ ಹೇಳಿದ: "ಭಾವ, ನೀನು ಸುಮ್ನೆ ಕೂತಿರು. ನಾವು ಹುಟ್ಟು ಹಾಕ್ತೀವಿ. ತೋಟದಲ್ಲಿ ಟೊಂಗಾದ ಹುಡುಗ ಒಬ್ಬ ಇದಾನೆ, ನಿನ್ನ ಜಾಗಕ್ಕೆ ಬರ್ತಾನಂತೆ. ನೀನು ನೋಡ್ತಾ ಇರು, ಮಾತಾಡ್ತಾ ಇರು."

ಕೂತಿರು. ಇವನಿಗೆ ಹೇಳಿದ ಮಾತು.

ಅಪಿಸಾಯಿ ಮುಚ್ಚಳ ಮುಚ್ಚಿದ. ಊಟಕ್ಕೆ ಕರೆದರೆ ಬರಲಿಲ್ಲ.

ಮಾರ್ಚ್ ೨೬, ಮಂಗಳವಾರ

ಕ್ಯಾಂಟೀನಿನಿಂದ ನೇರ ವಿನೀತಾಳ ಅಂಗಡಿಗೆ ಹೋದೆ. ಮಾರುಕಟ್ಟೆಯ ಹಿಂದೆ ಫೋನು, ಕಂಪ್ಯೂಟರ್ ರಿಪೇರಿ ಮಾಡುತ್ತಾಳೆ. ಅವಳಪ್ಪ, ನಮ್ಮಪ್ಪ ಒಂದೇ ಹಡಗುಕಟ್ಟೆಯಲ್ಲಿ ಮೂಟೆ ಹೊತ್ತವರು.

"ನಮ್ಮ ಹನ್ನೊಂದು ಮೆಷಿನ್‌ಗಳಿಗೆ ಹಂಚಿಕೆ ಇನ್ನೂ ಜೋಡಿಸಿಲ್ಲ ಅನ್ಸುತ್ತೆ," ಎಂದೆ. "ಬೇರೆಯವರ ಗ್ರಾಫಿಕ್ಸ್ ನಮ್ಮ ಮನೆಗೆ ಬರ್ತಾ ಇಲ್ಲ. ಅದಕ್ಕೇನಾದ್ರೂ ವೈರ್ ಬೇಕಾ?"

ವಿನೀತಾ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನನ್ನ ಮುಖ ನೋಡಿದಳು.

"ಅಯ್ಯೋ ಅಕ್ಕ, ತಮಾಷೆ ಅಲ್ವಾ ಇದು? ಹಂಚ್ಕೊಳ್ಳೋದು ಒಂದು ಮೆಷಿನ್ ಇನ್ನೊಂದರ ಜೊತೆ ಅಲ್ಲ. ಒಂದೇ ಮೆಷಿನ್ ಒಳಗೆ. ಗ್ರಾಫಿಕ್ಸ್‌ಗೆ ತನ್ನದು ಅಂತ ಮೆಮೊರಿ ಇಲ್ಲ. ಚಿತ್ರ ಓಡಿಸ್ಬೇಕಾದಾಗಲೆಲ್ಲ ಮೇನ್ ಮೆಮೊರಿ ಹತ್ರ ಹೋಗಿ ಕೈಯೊಡ್ಡುತ್ತೆ."

"ಕೆರೆಕೆರೆ."

"ಅದೇ! ಇಲ್ಲ ಅನ್ನೋ ಹಾಗಿಲ್ಲ, ಕೊಡ್ಲೇಬೇಕು. ಕೊಟ್ರೆ ಮನೆ ಖಾಲಿ."

"ಆದ್ರೆ ಎಂಟು, ಮೇಲೆ ನಾಲ್ಕು, ಹನ್ನೆರಡು ಇದೆಯಲ್ಲ?"

"ಎಂಟೇ ಇರೋದು ಅಕ್ಕ. ಆ ನಾಲ್ಕು ಎಂಟರ ಒಳಗಿಂದೇ."

ಒಂದೇ ಪಾತ್ರೆಯ ಮರಗೆಣಸನ್ನು ನಡುಮನೆಯಲ್ಲಿ ಒಮ್ಮೆ, ಅಡುಗೆಮನೆಯಲ್ಲಿ ಒಮ್ಮೆ ಎಣಿಸಿ ಎರಡು ಪಾತ್ರೆ ಕೊಟ್ಟೆವು ಎಂದಿದ್ದಾರೆ. ಅದಕ್ಕೆ ನಾನು ಚಪ್ಪಾಳೆ ಹೊಡೆಸಿದ್ದೇನೆ.

ಮಾರ್ಚ್ ೨೭, ಬುಧವಾರ

ಸಾರಿಗೆ ಎರಡು ಸಲ ಉಪ್ಪು ಹಾಕಿದೆನಂತೆ. ಹಡಗಿನವರು ತಟ್ಟೆ ವಾಪಸು ಕಳಿಸಿದರು.

ಮಾರ್ಚ್ ೨೮, ಗುರುವಾರ

ಹೆಸ್ಲಪ್‌ನ ಕೋಣೆ. ಅವನು ಎದ್ದು ನಿಲ್ಲಲೂ ಇಲ್ಲ.

"ನಾನೇ ಕೇಳಿದೆನಲ್ಲ ನಿಮ್ಮ ಭಾಷಣ. ಬಹಳ ಚೆನ್ನಾಗಿತ್ತು. ಹಂಚಿಕೆ ಬೇಕು ಅಂದ್ರಿ, ಕೊಟ್ವಿ."

"ನಾವು ತಪ್ಪು ತಿಳ್ಕೊಂಡಿದೀವಿ ಅಂತ ಅವತ್ತೇ ನಿಮಗೆ ಗೊತ್ತಿತ್ತು."

"ಮೇಡಂ, ಅಕ್ಷರ ಟೈಪ್ ಆಗುತ್ತಾ? ಪಾಠದ ವಿಡಿಯೋ ಓಡುತ್ತಾ? ಓಡುತ್ತೆ. ಮತ್ತೆ ಏನು ಓಡಲ್ಲ? ಆಟ." ಆಟ ಎನ್ನುವಾಗ ಬಾಯಲ್ಲಿ ಮೀನಿನ ಮುಳ್ಳು ಸಿಕ್ಕವನಂತೆ ಮುಖ ಮಾಡಿದ.

ಹೊರಗೆ ಬಂದವಳೇ ಮೆಟ್ಟಿಲ ಮೇಲೆ ಕೂತು ಹೊಸ ಬೇಡಿಕೆ ಬರೆದೆ. ಹನ್ನೊಂದು ಯಂತ್ರಗಳನ್ನೂ ವಾಪಸು ತೆಗೆದುಕೊಳ್ಳಿ, ಸ್ವಂತ ಗ್ರಾಫಿಕ್ಸ್ ಇರುವುದನ್ನು ಕೊಡಿ. ಇಲ್ಲದಿದ್ದರೆ ಕ್ರೇನ್ ನಿಲ್ಲುತ್ತದೆ. ಹಬ್ಬ ಮುಗಿದ ಕೂಡಲೇ ಸಭೆ ಕರೆದು ಓದುತ್ತೇನೆ, ಈ ಸಲ ಅವನ ಸಹಿ ಅಷ್ಟು ಸುಲಭಕ್ಕೆ ಬೀಳುವುದಿಲ್ಲ.

ಮಾರ್ಚ್ ೩೧, ಈಸ್ಟರ್ ಭಾನುವಾರ

ಉದ್ದ ಬರೆಯಬೇಕು, ಇಲ್ಲದಿದ್ದರೆ ನಾಳೆ ಬೇರೆ ಥರ ನೆನಪಿಟ್ಟುಕೊಳ್ಳುತ್ತೇನೆ.

ಚರ್ಚಿನಿಂದ ಬಂದು, ಬೇಡಿಕೆಯನ್ನು ಅಪಿಸಾಯಿಯ ಮುಂದೆ ಓದಿದೆ. ಕೇಳಲಿಕ್ಕಲ್ಲ, ತಿಳಿಸಲಿಕ್ಕೆ. ಅವನು ಕಿಟಕಿಯ ಕಡೆ ನೋಡಿಕೊಂಡು ಹೇಳಿದ, "ನಂಗೆ ಅದು ಬೇಡ ಅಕ್ಕ."

"ಯಾವುದು ಬೇಡ?"

"ಸ್ವಂತದ್ದು."

ನನಗೆ ಸಿಟ್ಟು ಬಂತು. ರೂಢಿ ಮುರಿದು ಅವನೆದುರಿಗೇ ಕುರ್ಚಿ ಎಳೆದು ಕೂತೆ. ಹುಟ್ಟಿದಾಗಿನಿಂದ ಹಾಗೆ ಕೂತವಳಲ್ಲ.

"ಹಂಚಿಕೆ ಅಂದ್ರೆ ಏನು ಅಂತ ಅವತ್ತೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು. ಇಲೈತಿಯಾ ಭಾವ ಹಳೇ ಮೆಷಿನ್ ತಗೊಳೋವಾಗ ಹೇಳಿದ್ದ. ಅದ್ರಲ್ಲಿ ಸ್ವಂತದ್ದೇ ಇತ್ತು."

"ಮತ್ತೆ ಬಾಯಿಗೆ ಏನಾಗಿತ್ತು?"

"ನೀನು ನಿಂತು ಮಾತಾಡ್ತಿದ್ದೆ. ಎಲ್ಲರೂ ಚಪ್ಪಾಳೆ ಹೊಡೀತಿದ್ರು. ಅಕ್ಕನ ಮಾತಿಗೆ ಅಡ್ಡ ಬರೋದು ಹೆಂಗೆ? ನೀನೂ ಕೇಳಲಿಲ್ಲ."

ಲುಂಗಿಯನ್ನು ಎಡತೊಡೆಯ ಮೇಲಕ್ಕೆ ಸರಿಸಿದ. ಅಂಗೈಯಗಲ ಕಲೆ. ಚರ್ಮ ಸುಟ್ಟು ವಾಸಿಯಾದ ಕಂದು, ನೆರಿಗೆ ನೆರಿಗೆ.

"ಆ ಹಳೇ ಮೆಷಿನ್ನು. ಆಟ ಹಾಕಿದ್ರೆ ಕಾದ ಬಾಣಲೆ ಆಗೋದು. ತೊಡೆ ಮೇಲಿಟ್ಕೊಂಡು ಮೂರು ಗಂಟೆ ಆಡಿದೆ. ಸೊಂಟದ ಕೆಳಗೆ ನಂಗೆ ಏನೂ ಗೊತ್ತಾಗ್ಲಿಲ್ಲ ಅಕ್ಕ. ಮಾರನೇ ದಿನ ಸ್ನಾನ ಮಾಡಿಸೋಕೆ ಬಂದ ನರ್ಸಮ್ಮ ನೋಡಿ ಕಿರುಚಿದ್ಲು."

ನನ್ನ ಮನೆಯಲ್ಲಿ, ನಾನು ಅನ್ನ ಹಾಕುವ ತಮ್ಮನ ತೊಡೆ ಸುಟ್ಟಿದೆ. ಗಾಯಗೊಂಡವರ ಹಕ್ಕಿನ ಬಗ್ಗೆ ನಾಲ್ಕು ಸಭೆಯಲ್ಲಿ ಮಾತಾಡಿದವಳಿಗೆ ಗೊತ್ತಿಲ್ಲ.

"ಮೇಜಿನ ಮೇಲಿಟ್ಟು ಆಡು," ಎಂದೆ. ಹೇಳಿದ ಮೇಲೆ ನಮ್ಮ ಮೇಜು ನೋಡಿದೆ. ಅವನ ಗಾಲಿಕುರ್ಚಿ ಅದರ ಕೆಳಗೆ ತೂರುವುದಿಲ್ಲ.

"ಹಂಚಿಕೆಯದು ಬಿಸಿ ಆಗಲ್ಲ. ಹಗುರ. ಕರೆಂಟು ಹೋದ್ರೂ ಸಾಯಂಕಾಲದವರೆಗೂ ಬರುತ್ತೆ. ನಮ್ಮ ದೋಣಿ ಆಟಕ್ಕೆ ಅಷ್ಟು ಸಾಕು ಅಕ್ಕ, ನಿಜವಾಗ್ಲೂ ಸಾಕು. ನಾನು ಕೈ ಎತ್ತಿದ್ದು ಅದಕ್ಕೇ. ಕೆರೆಕೆರೆ ತಪ್ಪಲ್ಲ. ಮೆಮೊರಿ ಕಮ್ಮಿ, ಕೇಳೋಕೆ ಬಂದ ಮನೇಲಿ ಏನೂ ಇಟ್ಟಿಲ್ಲ, ಅದು ತಪ್ಪು."

ಮೆಟ್ಟಿಲ ಮೇಲೆ ಕೂತು ಬರೆದ ಹಾಳೆಯನ್ನು ಒಲೆಗೆ ಹಾಕಿದೆ.

ಇವತ್ತು ಬಂಡಬರ್ಗ್‌ನಿಂದ ಕರೆ ಬಂದಾಗ ಅವನು ಎತ್ತಲಿಲ್ಲ.

ಏಪ್ರಿಲ್ ೨, ಮಂಗಳವಾರ

ವಿನೀತಾ ಮನೆಗೇ ಬಂದಳು. ಯಂತ್ರ ಬೋರಲು ಹಾಕಿ ಸಣ್ಣ ತಿರುಪು ಬಿಚ್ಚಿ ಅಡಿಯ ತಗಡು ತೆಗೆದಳು. ಮೆಮೊರಿ ಎನ್ನುವುದು ಬಿಸ್ಕತ್ತಿನಷ್ಟು ಉದ್ದದ ಹಸಿರು ಪಟ್ಟಿ. ಅದರ ಪಕ್ಕದಲ್ಲಿ ಅಷ್ಟೇ ಉದ್ದದ ಇನ್ನೊಂದು ಗೂಡು, ಖಾಲಿ.

"ಇದು ಯಾಕೆ ಖಾಲಿ?"

"ಇನ್ನೊಂದು ಹಾಕೋಕೆ. ಹಂಚಿಕೆಯ ಮೆಷಿನ್‌ಗೆ ಎರಡು ಇದ್ರೇನೇ ಉಸಿರು. ಮೆಮೊರಿ ಜಾಸ್ತಿ ಆಗುತ್ತೆ, ಮೇಲಾಗಿ ಎರಡೂ ಕಡೆಯಿಂದ ಒಟ್ಟಿಗೆ ಎಳ್ಕೊಳ್ಳುತ್ತೆ. ಒಂದೇ ಹುಟ್ಟಲ್ಲಿ ದೋಣಿ ಸುತ್ತುತ್ತೆ, ಅಲ್ವಾ ಅಣ್ಣ?"

ಅಪಿಸಾಯಿ ಮೊದಲ ಸಲ ತನಗಾಗಿ ನಕ್ಕ. "ಇವಳು ನಮ್ಮ ಟೀಮಿಗೆ ಬರಲಿ."

ಅಂಗಡಿಯಿಂದ ತಂದಿದ್ದ ಒಂದು ಪಟ್ಟಿಯನ್ನು ಗೂಡಿಗೆ ಒತ್ತಿದಳು. ಟಕ್ ಎಂದಿತು. ಆಟ ಹಾಕಿದರೆ, ಅಲೆ ಎದ್ದು, ಬಗ್ಗಿ, ಮುರಿದು, ನೊರೆಯಾಗಿ ದೋಣಿಯ ಅಡಿಗೆ ಹೋಯಿತು. ನಾನು ಹುಟ್ಟಿ ಬೆಳೆದ ನೀರಿನ ಹಾಗೆ. ಒಬ್ಬನೇ ನಡೆಸಲಾಗದು, ಇನ್ನೊಬ್ಬರಾದರೂ ಬೇಕು ಎಂದ. ವಿನೀತಾಗೆ ತಿರುಪು ಹುಡುಕುವ ಕೆಲಸ ಇತ್ತು. ಸುಮ್ಮನೆ ಪರೀಕ್ಷೆಗೆಂದು ನಾನು ಎರಡನೆಯ ಹುಟ್ಟು ಹಿಡಿದೆ. ಬಲಕ್ಕೆ ಎಳೆಯುವಾಗ ಒಂಚೂರು ಮೊದಲೇ ಒತ್ತಬೇಕು. ಬಂಡೆಗಳ ನಡುವಿನ ಸಂದಿಯಲ್ಲಿ ದೊಡ್ಡ ಮೀನು ಇರುತ್ತದೆ, ಆದರೆ ಅಲ್ಲಿಗೆ ಹೋಗುವಾಗ ಮಾತಾಡಬಾರದು. ಕತ್ತಲಾಗಿದ್ದು ತಿಳಿಯಲಿಲ್ಲ. ಅನ್ನಕ್ಕಿಡಲು ತಡವಾಯಿತು.

ಅವನ ತೊಡೆಯ ಮೇಲೆ ಕೈಯಿಟ್ಟು ನೋಡಿದೆ. ಬೆಚ್ಚಗೆ, ಅಷ್ಟೇ.

ಹೋಗುವಾಗ ವಿನೀತಾ ತಗಡು ಬಿಚ್ಚಿ ಪಟ್ಟಿ ಕಿತ್ತುಕೊಂಡಳು. "ಬೇಜಾರ್ ಮಾಡ್ಕೋಬೇಡಿ ಅಣ್ಣ, ಇದು ಗಿರಾಕಿದು." ಅವನು ಸರಿ ಸರಿ ಎಂದ. ಮತ್ತೆ ಮುಚ್ಚಳ ಮುಚ್ಚಿತು.

ಏಪ್ರಿಲ್ ೪, ಗುರುವಾರ

ಸಭೆ. ಬಟ್ಟಲಿನ ಯಂಗೋನಾ ಮೊದಲ ಸುತ್ತು ಮುಗಿಯುವ ಮೊದಲೇ ಹೇಳಿಬಿಟ್ಟೆ. ಹಂಚಿಕೆ ಎಂದರೆ ನಾನು ಹೇಳಿದ್ದಲ್ಲ, ಯಾರ ಯಂತ್ರದಿಂದಲೂ ಯಾರಿಗೂ ಏನೂ ಬರುವುದಿಲ್ಲ, ಕಂಪನಿ ಒಂದನ್ನೇ ಎರಡು ಸಲ ಎಣಿಸಿತು, ನಾನು ಎಣಿಸಿ ನೋಡಲಿಲ್ಲ.

ಸಕಿಯೂಸಾ ಮಾವ ಸೂರು ನೋಡುತ್ತ ಹೇಳಿದ. "ಅದಕ್ಕೇ ನನ್ನದು ಚಾರ್ಜ್ ಇಲ್ದೆ ಆನ್ ಆಗ್ತಿಲ್ಲ! ನಾನು ಪಕ್ಕದವನು ಜಿಪುಣ ಅಂತ ಮೂರು ವಾರದಿಂದ ಮಾತು ಬಿಟ್ಟಿದೀನಿ."

ನಗು ನಿಂತ ಮೇಲೆ ಅಪಿಸಾಯಿ ಖಾಲಿ ಗೂಡಿನ ವಿಷಯ ಹೇಳಿದ. ಅಷ್ಟು ಜನರ ಮುಂದೆ ಅವನ ಸ್ವರ ಕೇಳಿ ಎಷ್ಟು ಕಾಲವಾಗಿತ್ತೋ. ಹನ್ನೊಂದು ಗೂಡು, ಹನ್ನೊಂದು ಪಟ್ಟಿ, ಇಷ್ಟೇ ಬೇಡಿಕೆ.

ಮಾವ ಹೇಳಿದ: "ಕೆಲಸಕ್ಕೆ ಬೇಕು ಅಂತ ಬರಿ. ಆಟ ಅನ್ನೋ ಪದ ಬಿಡು. ಆ ಪದ ನೋಡಿದ್ರೆ ಅವನಿಗೆ ಹೊಟ್ಟೆನೋವು ಬರುತ್ತೆ."

ಜಾಣತನದ ಮಾತು. ಬರೆಯಲು ಪೆನ್ನು ತೆಗೆದಿದ್ದೆ. ಯಾಕೋ ಒಬ್ಬೊಬ್ಬರನ್ನೂ ಕೇಳೋಣ ಅನಿಸಿತು. ಕೇಳುತ್ತಾ ಹೋದೆ. ಹೊತ್ತಾಯಿತು. ಕೈ ಹೋದವನೊಬ್ಬ ಮಗಳ ಜೊತೆ ಕುದುರೆ ಓಡಿಸುತ್ತಾನಂತೆ. ಮಾವನೇ ಇಸ್ಪೀಟು ಆಡುತ್ತಾನಂತೆ, ಹೆಂಡತಿಗೆ ಹೇಳಬಾರದಂತೆ. ಕೊನೆಗೆ ಅಪಿಸಾಯಿ.

"ಆಟಕ್ಕೆ ಅಂತಲೇ ಬರಿ, ಅಕ್ಕ."

ಬರೆದೆ. ಕೈಗಳು ಎದ್ದವು, ಮಾವನದೂ.

ಏಪ್ರಿಲ್ ೯, ಮಂಗಳವಾರ

ಹೆಸ್ಲಪ್ ಕ್ಯಾಂಟೀನಿಗೇ ಬಂದ. ಮೆಮೊರಿ ಪಟ್ಟಿಗಳು ಗೋದಾಮಿನಲ್ಲೇ ಇವೆಯಂತೆ. ಶನಿವಾರದೊಳಗೆ ಹನ್ನೊಂದೂ ಮನೆಗೆ ಬರುತ್ತವೆ. ಒಂದೇ ಷರತ್ತು. 'ಆಟ' ಎಂಬ ಪದ ಹೊಡೆದು 'ತರಬೇತಿ' ಎಂದು ಬರೆಯಬೇಕು.

"ಒಂದು ಪದ ಮೇಡಂ. ನಿಮ್ಮ ತಮ್ಮ ಭಾನುವಾರಾನೇ ಆಡಬಹುದು. ನಾನೇನು ಮನೆಗೆ ಬಂದು ನೋಡ್ತೀನಾ?"

ತಿಂಗಳ ಹಿಂದಾಗಿದ್ದರೆ ಸೌಟಿನಲ್ಲೇ ಉತ್ತರ ಕೊಡುತ್ತಿದ್ದೆ. "ಕೇಳಿ ಹೇಳ್ತೀನಿ," ಎಂದೆ. ಅವನಿಗೆ ಆಶ್ಚರ್ಯವಾದ ಹಾಗೆ ಕಂಡಿತು, ಯಾಕೋ.

ಮನೆಗೆ ಬರುವ ಹೊತ್ತಿಗೆ ಇಲೈತಿಯಾ ಕರೆಯಲ್ಲಿದ್ದ. ಹೆಸ್ಲಪ್‌ನ ಷರತ್ತನ್ನು ಇಬ್ಬರಿಗೂ ಹೇಳಿದೆ. ಟೊಂಗಾದ ಹುಡುಗ ಈ ಭಾನುವಾರದಿಂದ ಬರುತ್ತಾನಂತೆ. ಒಮ್ಮೆ ತಂಡಕ್ಕೆ ಸೇರಿಸಿದರೆ ತೆಗೆಯುವುದು ಚೆನ್ನಾಗಿರುವುದಿಲ್ಲ. "ನೀನು ಹೂಂ ಅಂದ್ರೆ ನಾನು ಅವನಿಗೆ ಈಗಲೇ ಬೇಡ ಅಂತೀನಿ ಭಾವ. ಅತ್ತಿಗೆ, ನೀವಾದ್ರೂ ಹೇಳಿ. ಒಂದು ಪದ ತಾನೆ?"

ಕುರ್ಚಿ ಎಳೆದು ಎದುರಿಗೆ ಕೂತೆ. "ನಿಂಗೆ ಏನು ಬೇಕು?"

ಅಪಿಸಾಯಿ ತೊಡೆಯ ಮೇಲಿನ ಯಂತ್ರವನ್ನು ನೋಡಿದ.

"ಆ ಪದ ಹೊಡೆದು ಹಾಕಿ ತಗೊಂಡ್ರೆ, ಇನ್ಮೇಲೆ ನಾನು ಕದ್ದು ಆಡಿದ ಹಾಗೆ. ಯಾರಾದ್ರೂ ಬಾಗಿಲು ತಟ್ಟಿದ್ರೆ ಮುಚ್ಚಳ ಮುಚ್ಚಬೇಕು. ಇಲೈತಿಯಾ, ಆ ಹುಡುಗನಿಗೆ ಜಾಗ ಕೊಡೋ. ಹುಟ್ಟು ಹೆಂಗೆ ಹಾಕೋದು ಅಂತ ಸರಿಯಾಗಿ ಹೇಳ್ಕೊಡು."

"ಮತ್ತೆ ನೀನು?"

"ಆಮೇಲೆ ಐದು ಜನದ ದೋಣಿ ಹುಡುಕೋಣ."

ಆ ಕಡೆ ಇಲೈತಿಯಾ ಮೂಗು ಎಳೆದುಕೊಂಡದ್ದು ಕೇಳಿಸಿತು.

ಉಳಿದ ಹತ್ತು ಜನರನ್ನೂ ಫೋನಿನಲ್ಲಿ ಕೇಳಿಕೊಂಡು, ಹೆಸ್ಲಪ್‌ಗೆ ಫೋನ್ ಮಾಡಿ ಇಲ್ಲ ಎಂದೆ. ಹಾಗಾದರೆ ಪಟ್ಟಿಯೂ ಇಲ್ಲ ಎಂದ. ಸರಿ, ಹಾಗಾದರೆ ಗೇಟಿಗೆ ಬನ್ನಿ, ಖಾಲಿ ಗೂಡು ತೆರೆದು ಎಲ್ಲರಿಗೂ ತೋರಿಸುತ್ತೇವೆ ಎಂದೆ. ಕ್ರೇನಿನವರು ಪಾಳಿ ಬಿಡುವ ಹೊತ್ತಿಗೆ ಒಬ್ಬನೂ ಮನೆಗೆ ಹೋಗುವುದಿಲ್ಲ, ಒಬ್ಬನೂ ಒಳಗೆ ಹೋಗುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. ವಿನೀತಾ ತಿರುಪಿನ ಡಬ್ಬಿ ತರುತ್ತಾಳೆ. ಸಕಿಯೂಸಾ ಮಾವನನ್ನು ಮಂಚದ ಸಮೇತ ಹೊತ್ತು ತರಬೇಕು. ಇಸ್ಪೀಟು ಆಡಿಕೊಂಡೇ ಬರುತ್ತೇನೆ, ಯಾರು ಬೇಕಾದರೂ ನೋಡಲಿ, ಹೆಂಡತಿಯೂ ನೋಡಲಿ ಎಂದಿದ್ದಾನೆ. ಮಾತಾಡುವವನು ಅಪಿಸಾಯಿ. ಅವನ ಮಾತು ಎಲ್ಲರಿಗೂ ಕೇಳಿಸುವ ಹಾಗೆ ಧ್ವನಿವರ್ಧಕ ಹಿಡಿದುಕೊಳ್ಳುವುದು ನಾನು.

ಶುಕ್ರವಾರ, ಏಪ್ರಿಲ್ ೧೨. ಮಧ್ಯಾಹ್ನ ಮೂರು ಗಂಟೆ. ಬಂದರಿನ ದೊಡ್ಡ ಗೇಟು.